ತಿರುಗದ ಫ್ಯಾನು, ಕುದಿಯುವ ಎಂಜಿನು



ಬೇಸಿಗೆಯ ರಜೆಯಲ್ಲಿ ಮಂಗಳೂರಿನ ಕಡೆಯಿಂದ ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರಕ್ಕೆ ಬಂದವರಿಗೆ ಈ ನೋಟ ಹೊಸದಲ್ಲ. ರಸ್ತೆಯ ಅಂಚಿನಲ್ಲಿ ಒಂದು ಕಾರು ನಿಂತಿರುತ್ತದೆ. ಬಾನೆಟ್ ಮೇಲೆತ್ತಿರುತ್ತದೆ. ಒಳಗಿನಿಂದ ಬಿಳಿಯ ಹಬೆ ಏಳುತ್ತಿರುತ್ತದೆ. ಹೆಂಗಸರು, ಮಕ್ಕಳು ಮರದ ನೆರಳಿನಲ್ಲಿ ಕುಳಿತಿರುತ್ತಾರೆ. ಚಾಲಕ ನೀರಿನ ಬಾಟಲಿಯನ್ನು ಹಿಡಿದು ಎಂಜಿನಿನ ಮುಂದೆ ನಿಂತಿರುತ್ತಾನೆ. ಆ ಕ್ಷಣದಲ್ಲಿ ಅವನು ತೆಗೆದುಕೊಳ್ಳುವ ತೀರ್ಮಾನದ ಮೇಲೆ ಎರಡು ವಿಷಯಗಳು ನಿಂತಿವೆ. ಒಂದು, ಸಾವಿರಾರು ರೂಪಾಯಿ ಬೆಲೆಯ ಎಂಜಿನು. ಇನ್ನೊಂದು, ಅವನ ಮುಖ ಮತ್ತು ಕೈಗಳ ಚರ್ಮ.

ಕಾರು ಹೀಗೆ ಕಾದು ನಿಲ್ಲಲು ಹಲವು ಕಾರಣಗಳಿವೆ. ಅವುಗಳಲ್ಲಿ ಬಹಳ ಸಾಮಾನ್ಯವಾದುದು, ರೇಡಿಯೇಟರಿನ ಹಿಂದಿರುವ ವಿದ್ಯುತ್ ಫ್ಯಾನು ತಿರುಗಬೇಕಾದ ಹೊತ್ತಿನಲ್ಲಿ ತಿರುಗದೆ ಇರುವುದು. ಈ ಫ್ಯಾನು ಏಕೆ ತಿರುಗಲಿಲ್ಲ ಎಂಬುದನ್ನು ಹುಡುಕುವುದು ಹೇಗೆ? ಇದೇ ಇಂದಿನ ನಮ್ಮ ವಿಷಯ. ಇದು ಮೆಕ್ಯಾನಿಕ್ಕಿನ ಕೆಲಸವಲ್ಲವೇ, ನಮಗೇಕೆ ಎಂದು ನೀವು ಕೇಳಬಹುದು. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿರುವ ವಿಶಿಷ್ಟ ಉಷ್ಣ, ಕುದಿಬಿಂದು, ಓಮನ ನಿಯಮ, ವಿದ್ಯುತ್ಕಾಂತ ಎಲ್ಲವೂ ಈ ಒಂದು ಫ್ಯಾನಿನ ಸುತ್ತ ಕೆಲಸ ಮಾಡುತ್ತಿವೆ. ಅದಕ್ಕಿಂತ ಹೆಚ್ಚಾಗಿ, ತಪ್ಪನ್ನು ಕ್ರಮವಾಗಿ ಹುಡುಕುವ ವಿದ್ಯೆಯನ್ನು ಇದು ನಮಗೆ ಕಲಿಸುತ್ತದೆ.

ಮೊದಲು ಶಾಖದ ಲೆಕ್ಕವನ್ನು ನೋಡೋಣ. ಎಂಜಿನಿನೊಳಗೆ ಪೆಟ್ರೋಲು ಉರಿದಾಗ ಬರುವ ಶಕ್ತಿಯೆಲ್ಲ ಚಕ್ರಗಳನ್ನು ತಲುಪುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಹೊಗೆಯ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಸುಮಾರು ಅಷ್ಟೇ ಪಾಲು ಎಂಜಿನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ನಿಂತಲ್ಲೇ ಓಡುತ್ತಿರುವ ಒಂದು ಸಣ್ಣ ಕಾರು ಗಂಟೆಗೆ ಸುಮಾರು 0.6 ಲೀಟರ್ ಪೆಟ್ರೋಲನ್ನು ಸುಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ. ಅದರ ಮೂರನೆಯ ಒಂದು ಪಾಲು ನೀರಿಗೆ ಬಂದರೂ ನಿಮಿಷಕ್ಕೆ ಸುಮಾರು 107 ಕಿಲೋಜೂಲ್ ಆಯಿತು. ವ್ಯವಸ್ಥೆಯಲ್ಲಿ 4 ಲೀಟರ್ ನೀರಿದ್ದರೆ, ಶಾಖವನ್ನು ಹೊರಗೆ ಹಾಕುವ ದಾರಿಯೇ ಇಲ್ಲದಿದ್ದರೆ, ಅದರ ಉಷ್ಣತೆ ನಿಮಿಷಕ್ಕೆ 6 ಡಿಗ್ರಿಗಳಷ್ಟು ಏರಬೇಕು. ಎಂಜಿನಿನ ಲೋಹವೂ ಒಂದಿಷ್ಟು ಶಾಖವನ್ನು ಹೀರಿಕೊಳ್ಳುವುದರಿಂದ ನಿಜವಾದ ಏರಿಕೆ ಇದಕ್ಕಿಂತ ನಿಧಾನ. ಆದರೂ ಒಂದು ದೊಡ್ಡ ಟ್ರಾಫಿಕ್ ಜಾಮಿನಲ್ಲಿ ಎಂಜಿನು ಕುದಿಯಲು ಬೇಕಾದ ಸಮಯ ಧಾರಾಳವಾಗಿ ಸಿಗುತ್ತದೆ.

ಈ ಶಾಖವನ್ನು ಹೊರಗೆ ಹಾಕುವುದು ರೇಡಿಯೇಟರಿನ ಕೆಲಸ. ಕಾರು ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಆಗ ಫ್ಯಾನಿನ ಅಗತ್ಯವೇ ಬೀಳುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ, ಅಥವಾ ಘಾಟಿಯಲ್ಲಿ ಕಡಿಮೆ ಗೇರಿನಲ್ಲಿ ಲಾರಿಯ ಹಿಂದೆ ತೆವಳುವಾಗ, ಗಾಳಿ ಇಲ್ಲ, ಆದರೆ ಶಾಖ ಇದೆ. ಆಗ ಫ್ಯಾನೇ ಗತಿ. ಆದ್ದರಿಂದ ಒಂದು ಸೂತ್ರವನ್ನು ನೆನಪಿಡಿ. ಓಡುವಾಗ ಸರಿಯಾಗಿದ್ದು, ನಿಂತಾಗ ಮಾತ್ರ ಕಾಯುವ ಕಾರಿನಲ್ಲಿ ಮೊದಲು ಫ್ಯಾನನ್ನು ಸಂಶಯಿಸಬೇಕು. ಓಡುವಾಗಲೂ ಕಾಯುವ ಕಾರಿನಲ್ಲಿ ಮೊದಲು ನೀರು, ಪಂಪು, ಥರ್ಮೋಸ್ಟಾಟ್ ಮತ್ತು ರೇಡಿಯೇಟರನ್ನು ನೋಡಬೇಕು.

ಹಿಂದೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಂತಹ ಕಾರುಗಳಲ್ಲಿ ಎಂಜಿನು ಉದ್ದುದ್ದಕ್ಕೆ ಕೂತಿರುತ್ತಿತ್ತು. ಅದರ ಮುಂದಿನ ತುದಿ ರೇಡಿಯೇಟರಿಗೆ ಎದುರಾಗಿರುತ್ತಿದ್ದುದರಿಂದ ಫ್ಯಾನನ್ನು ಬೆಲ್ಟಿನಿಂದಲೇ ತಿರುಗಿಸಬಹುದಾಗಿತ್ತು. 1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಎಂಜಿನು ಅಡ್ಡಡ್ಡ ಕೂತಿತು. ಬೆಲ್ಟಿನ ತುದಿ ಪಕ್ಕದ ಚಕ್ರದ ಕಡೆಗೆ ತಿರುಗಿತು. ಇಂತಹ ಕಾರಿಗೆ ವಿದ್ಯುತ್ ಮೋಟಾರಿನ ಫ್ಯಾನೇ ಅನುಕೂಲ. ಅದು ಬೇಕಾದಾಗ ಮಾತ್ರ ತಿರುಗುತ್ತದೆ, ಇಂಧನವನ್ನೂ ಉಳಿಸುತ್ತದೆ. ಒಂದೇ ಕೊರತೆ. ಬೆಲ್ಟು ತುಂಡಾದರೆ ಕಣ್ಣಿಗೆ ಕಾಣುತ್ತಿತ್ತು. ವಿದ್ಯುತ್ತಿನ ದಾರಿ ತುಂಡಾದರೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಪ್ರಶ್ನೆ ಕೇಳಿಯೇ ತಿಳಿಯಬೇಕು.

ಆ ದಾರಿ ಯಾವುದು ಎಂದು ಈಗ ನೋಡೋಣ. ಇಲ್ಲಿ ಒಂದಲ್ಲ, ಎರಡು ಮಂಡಲಗಳಿವೆ. ದೊಡ್ಡ ಮಂಡಲದಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಫ್ಯೂಸನ್ನು ದಾಟಿ, ರಿಲೇಯ ಸಂಪರ್ಕ ಬಿಂದುಗಳನ್ನು ದಾಟಿ, ಮೋಟಾರಿಗೆ ಬಂದು, ಅಲ್ಲಿಂದ ಅರ್ತ್ ತಂತಿಯ ಮೂಲಕ ಕಾರಿನ ಲೋಹದ ಮೈಗೆ ಸೇರಿ, ಬ್ಯಾಟರಿಗೆ ಹಿಂತಿರುಗುತ್ತದೆ. ಸಣ್ಣ ಕಾರಿನ ಫ್ಯಾನು ತಿರುಗುವಾಗ 10 ಆಂಪಿಯರ್ ಆಸುಪಾಸಿನ ಪ್ರವಾಹವನ್ನು ಎಳೆಯಬಹುದು. ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಸಣ್ಣ ಮಂಡಲದಲ್ಲಿರುವುದು ರಿಲೇಯ ಸುರುಳಿ ಮತ್ತು ಉಷ್ಣತೆಯನ್ನು ಅರಿಯುವ ಸ್ವಿಚ್ಚು. ಇಲ್ಲಿ ಹರಿಯುವುದು ಒಂದು ಆಂಪಿಯರಿನ ಐದನೆಯ ಒಂದು ಪಾಲಿನಷ್ಟು. ಕೆರೆಯ ತೂಬನ್ನು ಎತ್ತಲು ಒಬ್ಬ ಮನುಷ್ಯನ ಕೈಬಲ ಸಾಕು, ಹರಿದು ಬರುವ ನೀರು ಮಾತ್ರ ಗದ್ದೆಯ ಬಯಲನ್ನೇ ತೋಯಿಸುತ್ತದೆ. ರಿಲೇ ಎಂದರೆ ಅಂತಹ ತೂಬು. ಸಣ್ಣ ಪ್ರವಾಹ ಸುರುಳಿಯನ್ನು ಕಾಂತವನ್ನಾಗಿ ಮಾಡುತ್ತದೆ. ಕಾಂತ ಲೋಹದ ನಾಲಗೆಯನ್ನು ಎಳೆಯುತ್ತದೆ. ದೊಡ್ಡ ಪ್ರವಾಹದ ದಾರಿ ತೆರೆಯುತ್ತದೆ.

ಹಳೆಯ ಕಾರುಗಳಲ್ಲಿ ರೇಡಿಯೇಟರಿನ ತೊಟ್ಟಿಗೆ ಅಥವಾ ಥರ್ಮೋಸ್ಟಾಟಿನ ಮನೆಗೆ ಒಂದು ಉಷ್ಣ ಸ್ವಿಚ್ಚನ್ನು ತಿರುಪಿರುತ್ತಾರೆ. ನೀರು 92ರಿಂದ 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದು ಮುಚ್ಚಿಕೊಳ್ಳುತ್ತದೆ. ಕೆಲವು ಡಿಗ್ರಿ ಇಳಿದ ಮೇಲೆ ತೆರೆದುಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಸ್ವಿಚ್ಚಿನ ಜಾಗಕ್ಕೆ ಥರ್ಮಿಸ್ಟರ್ ಎಂಬ ಸಂವೇದಕ ಬಂದಿದೆ. ಬಿಸಿಯಾದಂತೆ ಅದರ ರೋಧ ಕಡಿಮೆಯಾಗುತ್ತದೆ. ಎಂಜಿನಿನ ಗಣಕ ಆ ರೋಧವನ್ನು ಓದಿ ರಿಲೇಗೆ ಆಜ್ಞೆ ಕೊಡುತ್ತದೆ. ಎರಡರ ತತ್ತ್ವವೂ ಒಂದೇ: ಅರಿಯುವವನು ಒಬ್ಬ, ಆಜ್ಞೆ ಕೊಡುವವನು ಇನ್ನೊಬ್ಬ, ಕೆಲಸ ಮಾಡುವವನು ಮತ್ತೊಬ್ಬ. ತಪ್ಪು ಈ ಮೂವರಲ್ಲಿ ಯಾರದು?

ಇಲ್ಲಿಯೇ ಬಹಳ ಜನ ಎಡವುವುದು. ನನಗೆ ಪರಿಚಯದ ಬಾಡಿಗೆ ಕಾರಿನ ಚಾಲಕರೊಬ್ಬರ ಕಥೆಯನ್ನು ಹೇಳುತ್ತೇನೆ. ಕಾರಿನ ಸಾಲದ ಕಂತು ಇನ್ನೂ ತೀರಿರಲಿಲ್ಲ. ಊರೊಳಗೆ ಓಡಿಸುವಾಗ ಕಾರು ಕಾಯತೊಡಗಿತು. ಫ್ಯಾನು ತಿರುಗುತ್ತಿರಲಿಲ್ಲ. ಒಬ್ಬರು ಉಷ್ಣ ಸ್ವಿಚ್ಚು ಹೋಗಿದೆ ಎಂದರು. ಬದಲಾಯಿಸಿದರು. ಇನ್ನೊಬ್ಬರು ರಿಲೇ ಎಂದರು. ಅದನ್ನೂ ಬದಲಾಯಿಸಿದರು. ಮೂರನೆಯವರು ಮೋಟಾರು ಸುಟ್ಟಿದೆ ಎಂದರು. ಒಂದು ವಾರದ ದುಡಿಮೆ ಹೊಸ ಮೋಟಾರಿಗೆ ಹೋಯಿತು. ಫ್ಯಾನು ಮಾತ್ರ ತಿರುಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇದೆಯಲ್ಲ, ಇಲ್ಲಿ ಒಂದಲ್ಲ, ಮೂರು ಎಮ್ಮೆಗಳಿಗೆ ಬರೆ ಬಿದ್ದಿತ್ತು. ಆ ಕಾರಿನ ರೋಗ ಏನಾಗಿತ್ತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅಷ್ಟರೊಳಗೆ ನೀವೇ ಊಹಿಸಲು ಪ್ರಯತ್ನಿಸಿ.

ಪರೀಕ್ಷೆಗೆ ಇಳಿಯುವ ಮೊದಲು ಎಚ್ಚರಿಕೆಯ ಮಾತು. ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಬಿಸಿ ಎಂಜಿನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಕೆಲವು ಕಾರುಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನಲ್ಲೂ ಒತ್ತಡವಿರುತ್ತದೆ. ಅದರ ಮುಚ್ಚಳಕ್ಕೂ ಇದೇ ಮಾತು ಅನ್ವಯ. ಏಕೆಂದು ಲೆಕ್ಕ ಹಾಕೋಣ. ಈ ಮುಚ್ಚಳ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ವಾಯುಮಂಡಲದ ಒತ್ತಡಕ್ಕಿಂತ 0.9 ಬಾರ್ ಹೆಚ್ಚು ಒತ್ತಡವಿದ್ದರೆ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತದೆ. ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇದು. ಈಗ 110 ಡಿಗ್ರಿಯಲ್ಲಿರುವ 4 ಲೀಟರ್ ನೀರಿನ ಮುಚ್ಚಳವನ್ನು ಥಟ್ಟನೆ ತೆರೆದರೆ ಏನಾಗುತ್ತದೆ? ಒತ್ತಡ ಇಳಿದ ಕೂಡಲೇ 100 ಡಿಗ್ರಿಯನ್ನು ಮೀರಿದ ಶಾಖವೆಲ್ಲ ನೀರನ್ನು ಹಬೆಯಾಗಿಸುತ್ತದೆ. ವಿಶಿಷ್ಟ ಉಷ್ಣ ಮತ್ತು ಗುಪ್ತ ಉಷ್ಣದ ಬೆಲೆಗಳನ್ನು ಹಾಕಿ ನೋಡಿ. ಸುಮಾರು 70 ಗ್ರಾಂ ನೀರು ಹಬೆಯಾಗುತ್ತದೆ. ಕೇಳಲು ಸಣ್ಣ ಸಂಖ್ಯೆ. ಆದರೆ ಒಂದು ಗ್ರಾಂ ಹಬೆಗೆ ಸುಮಾರು 1.7 ಲೀಟರ್ ಜಾಗ ಬೇಕು. ನೂರು ಲೀಟರಿಗೂ ಹೆಚ್ಚಿನ ಹಬೆ, ಕುದಿಯುವ ನೀರನ್ನು ತನ್ನೊಡನೆ ಹೊತ್ತು, ಬಾಗಿ ನಿಂತವನ ಮುಖಕ್ಕೆ ಬರುತ್ತದೆ. ಅಕಸ್ಮಾತ್ ಯಾರಿಗಾದರೂ ಹೀಗೆ ಸುಟ್ಟರೆ, ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣನೆಯ ಶುದ್ಧ ನೀರನ್ನು ಹರಿಸಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಏನನ್ನೂ ಹಚ್ಚಬೇಡಿ.

ಎರಡನೆಯ ಎಚ್ಚರಿಕೆ. ಎಂಜಿನು ಆರಿಸಿದ ಮೇಲೂ ಕೆಲವು ಕಾರುಗಳ ಫ್ಯಾನು ತಾನಾಗಿಯೇ ತಿರುಗಲು ಶುರುಮಾಡಬಹುದು. ಫ್ಯಾನಿನ ಬಳಿ ಕೈ ಹಾಕುವ ಮೊದಲು ಕೀಲಿಯನ್ನು ತೆಗೆದು, ಬ್ಯಾಟರಿಯ ಋಣ ತುದಿಯನ್ನು ಕಳಚಿ. ದುಪಟ್ಟಾ, ಸಡಿಲ ತೋಳು, ಜಡೆಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಎಂಜಿನು ಓಡುತ್ತಿರುವಾಗ ಮಾಡಬೇಕಾದ ಪರೀಕ್ಷೆಗಳನ್ನು ಅನುಭವಿ ಹಿರಿಯರೊಬ್ಬರ ಜೊತೆಯಲ್ಲಿ ಮಾತ್ರ ಮಾಡಿ.

ಈಗ ಪರೀಕ್ಷೆಗಳು. ಇವುಗಳ ಹಿಂದಿರುವ ಉಪಾಯ ಒಂದೇ. ದಾರಿಯನ್ನು ಮಧ್ಯದಲ್ಲಿ ತಡೆದು ಕೇಳುವುದು: ವಿದ್ಯುತ್ತು ಇಲ್ಲಿಯವರೆಗೆ ಬಂದಿದೆಯೇ? ಬಂದಿದ್ದರೆ ತಪ್ಪು ಮುಂದಿನ ಅರ್ಧದಲ್ಲಿದೆ. ಬಂದಿಲ್ಲವಾದರೆ ಹಿಂದಿನ ಅರ್ಧದಲ್ಲಿದೆ. ಪ್ರತಿ ಪ್ರಶ್ನೆಗೂ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಪ್ರಶ್ನೆ: ಫ್ಯಾನು ತಿರುಗಬೇಕಾದ ಸಂದರ್ಭ ನಿಜವಾಗಿಯೂ ಬಂದಿದೆಯೇ? ಎಂಜಿನು ಪೂರ್ತಿ ತಣ್ಣಗಿರುವಾಗ ನೀರಿನ ಮಟ್ಟವನ್ನು ನೋಡಿ. ನೀರು ಕಡಿಮೆಯಾಗಿದ್ದರೆ ಸ್ವಿಚ್ಚು ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ಉಳಿದಿರಬಹುದು. ಎಂಜಿನು ಕುದಿಯುತ್ತಿದ್ದರೂ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇನ್ನೊಂದು ಸ್ವಾರಸ್ಯ ಇಲ್ಲಿದೆ. ಥರ್ಮೋಸ್ಟಾಟ್ ಎಂಬ ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ಹಿಡಿದುಕೊಂಡರೆ ಬಿಸಿ ನೀರು ಎಂಜಿನನ್ನು ಬಿಟ್ಟು ರೇಡಿಯೇಟರಿಗೆ ಬರುವುದೇ ಇಲ್ಲ. ರೇಡಿಯೇಟರಿನಲ್ಲಿರುವ ಸ್ವಿಚ್ಚಿನ ಪಾಲಿಗೆ ಎಲ್ಲವೂ ತಣ್ಣಗಿದೆ. ಮುಳ್ಳು ಕೆಂಪು ಗೆರೆಯ ಕಡೆಗೆ ಹೋಗುತ್ತಿದೆ, ಆದರೆ ರೇಡಿಯೇಟರಿನ ಹೋಸ್ ಪೈಪು ತಣ್ಣಗಿದೆ ಎಂದಾದರೆ, ಫ್ಯಾನು ನಿರಪರಾಧಿ. ಥರ್ಮೋಸ್ಟಾಟನ್ನು ನೋಡಬೇಕು.

ಎರಡನೆಯ ಪ್ರಶ್ನೆ: ಏ.ಸಿ. ಹಾಕಿದರೆ ಫ್ಯಾನು ತಿರುಗುತ್ತದೆಯೇ? ಬಹುತೇಕ ಒಂಟಿ ಫ್ಯಾನಿನ ಕಾರುಗಳಲ್ಲಿ ಏ.ಸಿ. ಹಾಕಿದಾಗಲೂ ಅದೇ ಫ್ಯಾನು ತಿರುಗಬೇಕು. ತಿರುಗಿದರೆ, ಮೋಟಾರು ಸರಿ ಇದೆ, ಅದರ ತಂತಿ ಸರಿ ಇದೆ, ಅರ್ತ್ ಸರಿ ಇದೆ. ಉಳಿದದ್ದು ಉಷ್ಣತೆಯನ್ನು ಅರಿಯುವ ಭಾಗ. ಒಂದೇ ಗುಂಡಿಯನ್ನು ಒತ್ತಿ, ಒಂದು ಸ್ಕ್ರೂ ಕೂಡ ಬಿಚ್ಚದೆ, ಅರ್ಧ ಕಾರನ್ನು ಸಂಶಯದಿಂದ ಬಿಡುಗಡೆ ಮಾಡಿದಿರಿ. ಎರಡು ಫ್ಯಾನುಗಳಿರುವ ಕಾರಿನಲ್ಲಿ ಯಾವುದು ತಿರುಗಿತು ಎಂಬುದನ್ನು ಗಮನಿಸಿ ತೀರ್ಮಾನಿಸಬೇಕು.

ಮೂರನೆಯದು ಫ್ಯೂಸು. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಯಾವುದು ಫ್ಯಾನಿನದು ಎಂಬ ಚಿತ್ರವಿರುತ್ತದೆ. ಒಳಗಿನ ತಂತಿ ಕರಗಿದ್ದರೆ ಕಣ್ಣಿಗೇ ಕಾಣುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೆ ಕಾಣದು. ಟೆಸ್ಟ್ ಲ್ಯಾಂಪನ್ನು ಫ್ಯೂಸಿನ ಎರಡೂ ಬದಿಗೆ ಮುಟ್ಟಿಸಿ ನೋಡಬೇಕು. ಒಂದು ಬದಿಯಲ್ಲಿ ಉರಿದು ಇನ್ನೊಂದು ಬದಿಯಲ್ಲಿ ಉರಿಯದಿದ್ದರೆ ಫ್ಯೂಸ್ ಹೋಗಿದೆ. ಅದೇ ಆಂಪಿಯರಿನ ಹೊಸದನ್ನು ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಮೋಟಾರು ಬಿಗಿಯಾಗಿದೆ ಎಂದರ್ಥ. ಬೀಡಿ, ಸಿಗರೇಟಿನ ಬೆಳ್ಳಿ ಹಾಳೆಯನ್ನೋ ತಾಮ್ರದ ತಂತಿಯನ್ನೋ ಸುತ್ತಿ ಕೆಲಸ ಸಾಗಿಸುವವರನ್ನು ನೀವು ನೋಡಿರಬಹುದು. ಫ್ಯೂಸು ಸಾಯುವುದು ತಂತಿಗಳನ್ನು ಬದುಕಿಸಲು. ಫ್ಯೂಸನ್ನು ಸಾಯಲು ಬಿಡದಿದ್ದರೆ ಕಾರಿಗೇ ಬೆಂಕಿ ಬೀಳಬಹುದು.

ನಾಲ್ಕನೆಯದು ಮೋಟಾರು. ಬ್ಯಾಟರಿಯನ್ನು ಕಳಚಿ, ಎಂಜಿನು ತಣ್ಣಗಿರುವಾಗ, ಫ್ಯಾನಿನ ಎಲೆಯನ್ನು ಬೆರಳಿನಿಂದ ತಿರುಗಿಸಿ. ಸರಾಗವಾಗಿ ತಿರುಗಬೇಕು. ಗರಗರ ಎಂದರೆ ಅಥವಾ ಬಿಗಿಯಾಗಿದ್ದರೆ ಒಳಗಿನ ಬೇರಿಂಗ್ ಅಥವಾ ಬುಷ್ ಹಾಳಾಗಿದೆ. ಅನಂತರ ಮೋಟಾರಿನ ಕನೆಕ್ಟರನ್ನು ಬಿಚ್ಚಿ, ಫ್ಯೂಸ್ ಇರುವ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಡಬೇಕು. ತಿರುಗಿದರೆ ಮೋಟಾರು ಸರಿ. ತಿರುಗದಿದ್ದರೆ, ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ಆಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದಿವೆ ಎಂದು ತಿಳಿಯಬೇಕು. ಸವೆದ ಬ್ರಷ್ಷು ಒಮ್ಮೆ ಮುಟ್ಟುತ್ತದೆ, ಇನ್ನೊಮ್ಮೆ ಮುಟ್ಟುವುದಿಲ್ಲ. ಇಂತಹ ಮೋಟಾರು ಗ್ಯಾರೇಜಿನಲ್ಲಿ ತಿರುಗುತ್ತದೆ, ಘಾಟಿಯಲ್ಲಿ ಕೈಕೊಡುತ್ತದೆ.

ಐದನೆಯದು ರಿಲೇ. ಅದೇ ಪೆಟ್ಟಿಗೆಯಲ್ಲಿ ಅದೇ ಸಂಖ್ಯೆ, ಅದೇ ಕಾಲುಗಳಿರುವ ಹಾರ್ನಿನ ರಿಲೇ ಇದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಬಹುದು. ಫ್ಯಾನು ತಿರುಗಿ ಹಾರ್ನು ನಿಂತರೆ ಕಳ್ಳ ಸಿಕ್ಕಿದ. ಕಾಸಿನ ಖರ್ಚಿಲ್ಲದ ಪರೀಕ್ಷೆ ಇದು. ಒಂದು ಮಾತು ನೆನಪಿರಲಿ. ರಿಲೇ ಟಿಕ್ ಎಂದಿತು ಎಂದ ಮಾತ್ರಕ್ಕೆ ಅದು ಸರಿ ಇದೆ ಎನ್ನುವಂತಿಲ್ಲ. ಸುರುಳಿ ನಾಲಗೆಯನ್ನು ಎಳೆದಿರಬಹುದು, ಆದರೆ ನಾಲಗೆಯ ತುದಿ ಸುಟ್ಟು ಕಪ್ಪಾಗಿದ್ದರೆ ದೊಡ್ಡ ಪ್ರವಾಹ ದಾಟುವುದಿಲ್ಲ.

ಆರನೆಯದು ಉಷ್ಣ ಸ್ವಿಚ್ಚು. ಎರಡು ತಂತಿಗಳ ಹಳೆಯ ಬಗೆಯ ಸ್ವಿಚ್ಚಾದರೆ, ಅದರ ಕನೆಕ್ಟರನ್ನು ಬಿಚ್ಚಿ, ತಂತಿಗಳೆರಡನ್ನೂ ಫ್ಯೂಸ್ ಇರುವ ತುಂಡು ತಂತಿಯಿಂದ ಜೋಡಿಸಿ, ಕೀಲಿಯನ್ನು ತಿರುಗಿಸಿ. ಫ್ಯಾನು ತಿರುಗಿದರೆ ಸ್ವಿಚ್ಚೇ ಅಪರಾಧಿ, ಇಲ್ಲವೇ ಮೊದಲ ಪ್ರಶ್ನೆಯಲ್ಲಿ ಹೇಳಿದಂತೆ ಅದಕ್ಕೆ ಬಿಸಿ ಮುಟ್ಟಿಲ್ಲ. ಹೊಸ ಕಾರಿನ ಸಂವೇದಕಕ್ಕೆ ಈ ಉಪಾಯವನ್ನು ಬಳಸಬೇಡಿ. ಅಲ್ಲಿ ತಂತಿಗಳು ಗಣಕಕ್ಕೆ ಹೋಗುತ್ತವೆ. ಸ್ಕ್ಯಾನರ್ ಉಪಕರಣವನ್ನು ಜೋಡಿಸಿ, ಗಣಕ ಓದುತ್ತಿರುವ ಉಷ್ಣತೆ ಎಷ್ಟು, ಅದು ಫ್ಯಾನಿಗೆ ಆಜ್ಞೆ ಕೊಟ್ಟಿದೆಯೇ ಎಂದು ನೋಡಬೇಕು. ಎಂಜಿನು ಬಿಸಿಯಾಗಿದ್ದರೂ ಸ್ಕ್ಯಾನರಿನಲ್ಲಿ 40 ಡಿಗ್ರಿ ಎಂದು ಕಂಡರೆ ಸಂವೇದಕ ಸುಳ್ಳು ಹೇಳುತ್ತಿದೆ. ಆಜ್ಞೆ ಹೋಗಿದ್ದರೂ ಫ್ಯಾನು ನಿಂತಿದ್ದರೆ ತಪ್ಪು ರಿಲೇ, ತಂತಿ ಅಥವಾ ಮೋಟಾರಿನ ಕಡೆ ಇದೆ.

ಈಗ ನಮ್ಮ ಚಾಲಕರ ಕಾರಿಗೆ ಬರೋಣ. ಅವರ ಅಕ್ಕನ ಮಗ ಐ.ಟಿ.ಐ.ಯಲ್ಲಿ ಓದುತ್ತಿದ್ದ. ಒಂದು ಭಾನುವಾರ ಅವನು ಮಲ್ಟಿಮೀಟರ್ ಹಿಡಿದು ಬಂದ. ಹೊಸ ಮೋಟಾರಿಗೆ ನೇರವಾಗಿ ವಿದ್ಯುತ್ ಕೊಟ್ಟ. ತಿರುಗಿತು. ಎಂಜಿನು ಕಾದ ಮೇಲೆ ಕನೆಕ್ಟರನ್ನು ಬಿಚ್ಚಿ ಮೀಟರಿನಿಂದ ಅಳೆದ. ಸರಿಯಾಗಿ 12 ವೋಲ್ಟ್ ತೋರಿಸಿತು. ಸ್ವಿಚ್ಚು, ರಿಲೇ, ಫ್ಯೂಸು ಎಲ್ಲವೂ ಸರಿ ಎಂದಾಯಿತು. ಮೋಟಾರೂ ಸರಿ, ಬರುವ ವಿದ್ಯುತ್ತೂ ಸರಿ. ಎರಡನ್ನೂ ಜೋಡಿಸಿದರೆ ಮಾತ್ರ ಫ್ಯಾನು ತಿರುಗುವುದಿಲ್ಲ! ಇಲ್ಲಿಗೆ ಬಹಳ ಜನ ಕೈ ಚೆಲ್ಲುತ್ತಾರೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಎದ್ದು ಹೋಗಿ ಹಳೆಯದೊಂದು 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ತಂದು ಅದೇ ಕನೆಕ್ಟರಿಗೆ ಜೋಡಿಸಿದ. ಬಲ್ಬು ಮಂಕಾಗಿ, ಕೆಂಪಗೆ ಉರಿಯಿತು. ಬಲ್ಬಿನ ಒಂದು ತುದಿಯನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಕನೆಕ್ಟರಿನ ಅರ್ತ್ ಬದಲು ನೇರವಾಗಿ ಬ್ಯಾಟರಿಯ ಋಣ ತುದಿಗೆ ಮುಟ್ಟಿಸಿದ. ಕಣ್ಣು ಕೋರೈಸುವಂತೆ ಉರಿಯಿತು.

"ಮಾವ, ನಿಮ್ಮ ಹಳೆ ಮೋಟಾರೂ ಸರಿ ಇತ್ತು, ಇದೂ ಸರಿ ಇದೆ. ಕರೆಂಟು ಬರ್ತಾ ಇದೆ. ಅದು ವಾಪಸ್ ಹೋಗೋ ದಾರಿ ಕೆಟ್ಟಿದೆ" ಎಂದ.

ಮೋಟಾರಿನ ಕಪ್ಪು ತಂತಿಯನ್ನು ಹಿಡಿದು ಹೋದರೆ, ಅದು ಕಾರಿನ ಮೈಗೆ ಬೋಲ್ಟ್ ಆಗಿದ್ದ ಜಾಗದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಪಕ್ಕದ ಬಣ್ಣ ಕಾವಿಗೆ ಕಂದಿತ್ತು. ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದರು. ಫ್ಯಾನು ತಿರುಗಿತು. ಖರ್ಚಾದದ್ದು ಒಂದು ತುಂಡು ಉಪ್ಪುಕಾಗದ. ಚಾಲಕರು ಬಹಳ ಹೊತ್ತು ಆ ಫ್ಯಾನನ್ನೇ ನೋಡುತ್ತಾ ನಿಂತಿದ್ದರು. ಅನಂತರ ಅಳಿಯನಿಗೆ, "ಇಷ್ಟು ದಿನ ನಿನ್ನನ್ನು ಕೇಳಬೇಕು ಅಂತ ನನಗೆ ತೋಚಲಿಲ್ಲವಲ್ಲಪ್ಪಾ" ಎಂದರು.

ಮೀಟರು ಸುಳ್ಳು ಹೇಳಿತೇ? ಇಲ್ಲ. ಅದು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಇಲ್ಲಿ ಓಮನ ನಿಯಮವನ್ನು ನೆನಪಿಸಿಕೊಳ್ಳಿ. ಕಿಲುಬಿನ ರೋಧ 2 ಓಮ್ ಎಂದಿಟ್ಟುಕೊಳ್ಳೋಣ. ಡಿಜಿಟಲ್ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ಅಷ್ಟು ದೊಡ್ಡ ರೋಧದ ಮುಂದೆ 2 ಓಮ್ ಲೆಕ್ಕಕ್ಕೇ ಇಲ್ಲ. ಪ್ರವಾಹವೇ ಹರಿಯದಿದ್ದಾಗ ಕಿಲುಬಿನಲ್ಲಿ ವೋಲ್ಟೇಜ್ ನಷ್ಟವೂ ಆಗುವುದಿಲ್ಲ. ಮೀಟರು 12 ವೋಲ್ಟ್ ಎನ್ನುತ್ತದೆ. ನಿಂತ ಮೋಟಾರಿನ ರೋಧವಾದರೋ ಸುಮಾರು 0.3 ಓಮ್. ಒಟ್ಟು 2.3 ಓಮಿನಲ್ಲಿ ಮೋಟಾರಿನ ಪಾಲಿಗೆ ಬರುವುದು ಸುಮಾರು 1.6 ವೋಲ್ಟ್. ಉಳಿದ ಹತ್ತಕ್ಕೂ ಹೆಚ್ಚು ವೋಲ್ಟನ್ನು ಕಿಲುಬು ನುಂಗಿ ಶಾಖವಾಗಿಸುತ್ತದೆ. ಪಕ್ಕದ ಬಣ್ಣ ಕಂದಿದ್ದು ಅದಕ್ಕೇ. ಭಾರ ಹೊರಿಸದೆ ಎತ್ತಿನ ಬಲವನ್ನು ಅಳೆಯಲಾಗದು. ಭಾರ ಹೊರಿಸಲೆಂದೇ ಹುಡುಗ ಬಲ್ಬನ್ನು ಹಚ್ಚಿದ್ದು.

ಇನ್ನು ರಸ್ತೆಯ ನಡುವೆ ಕಾರು ಕಾದಾಗ ಏನು ಮಾಡಬೇಕು? ಮುಳ್ಳು ಮೇಲೇರತೊಡಗಿದ ಕೂಡಲೇ ಏ.ಸಿ.ಯನ್ನು ಆರಿಸಿ. ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಗಾಳಿಯನ್ನು ಜೋರಾಗಿಡಿ. ಹೀಟರಿನೊಳಗಿರುವುದೂ ಒಂದು ಪುಟ್ಟ ರೇಡಿಯೇಟರೇ. ಒಳಗೆ ಕುಳಿತವರಿಗೆ ಸೆಕೆಯಾಗುತ್ತದೆ, ಎಂಜಿನಿಗೆ ತುಸು ಉಸಿರು ಬರುತ್ತದೆ. ಮುಳ್ಳು ಕೆಂಪನ್ನು ಮುಟ್ಟಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನನ್ನು ಆರಿಸಿ. ಕನಿಷ್ಠ ಒಂದು ಗಂಟೆ ಕಾಯಿರಿ. ಕಾದ ಎಂಜಿನಿನ ಮೇಲೆ ತಣ್ಣೀರನ್ನು ಸುರಿಯಬೇಡಿ. ಲೋಹ ಸೀಳಬಹುದು.

ಇನ್ನೂ ಐದು ಕಿಲೋಮೀಟರು ತಾನೇ, ಹೋಗಿಬಿಡೋಣ ಎಂಬ ಆಸೆಯೇ ಎಂಜಿನಿನ ಶತ್ರು. ಅದಕ್ಕೂ ಲೆಕ್ಕವಿದೆ. ಹಲವು ಎಂಜಿನುಗಳಲ್ಲಿ ಮೇಲಿನ ಹೆಡ್ ಅಲ್ಯೂಮಿನಿಯಂನದು, ಕೆಳಗಿನ ಬ್ಲಾಕು ಬೀಡು ಕಬ್ಬಿಣದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಹೆಡ್ ಇನ್ನೂ 50 ಡಿಗ್ರಿ ಹೆಚ್ಚು ಕಾದರೆ ಅದು ಹಿಗ್ಗಲು ಬಯಸುವುದು 0.46 ಮಿಲಿಮೀಟರ್. ಬ್ಲಾಕು ಹಿಗ್ಗುವುದು 0.22 ಮಿಲಿಮೀಟರ್. ಎರಡನ್ನೂ ಬೋಲ್ಟುಗಳು ಬಿಗಿದು ಹಿಡಿದಿವೆ. ಈ ಎಳೆದಾಟದಲ್ಲಿ ಹೆಡ್ ಡೊಂಕಾಗುತ್ತದೆ, ನಡುವಿನ ಗ್ಯಾಸ್ಕೆಟ್ ಬಿರಿಯುತ್ತದೆ. ಉಪ್ಪುಕಾಗದದಲ್ಲಿ ಮುಗಿಯಬಹುದಾಗಿದ್ದ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ದಿನದ ಬಾಡಿಗೆಯ ಮೇಲೆ ಬದುಕುವವರಿಗೆ ಅದು ಎಷ್ಟು ದಿನಗಳ ಅನ್ನ ಎಂದು ಯೋಚಿಸಿ.

ವಿದ್ಯುತ್ ಕಾರುಗಳು ಬಂದಿವೆಯಲ್ಲ, ಇನ್ನು ಈ ವಿದ್ಯೆ ಏಕೆ ಎಂಬ ಪ್ರಶ್ನೆಯೂ ನಿಮ್ಮಲ್ಲಿ ಏಳಬಹುದು. ಇಂದಿನ ಅನೇಕ ವಿದ್ಯುತ್ ಕಾರುಗಳಲ್ಲೂ ಬ್ಯಾಟರಿ ಮತ್ತು ಮೋಟಾರನ್ನು ತಣಿಸಲು ದ್ರವ, ರೇಡಿಯೇಟರ್, ಫ್ಯಾನು ಇವೆ. ಆದರೆ ಅವುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳಿರುತ್ತವೆ. ಅವು ನೂರಾರು ವೋಲ್ಟಿನವು, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ತರಬೇತಿ ಇಲ್ಲದವರು ಅತ್ತ ಕೈ ಹಾಕಲೇಬಾರದು.

ಕಾರಿಲ್ಲದ ಮನೆಯ ವಿದ್ಯಾರ್ಥಿಗಳೂ ಇದನ್ನು ಪ್ರಯೋಗ ಮಾಡಿ ನೋಡಬಹುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಥರ್ಮಿಸ್ಟರನ್ನು ನೀರು ಒಳಗೆ ಹೋಗದಂತೆ ಕಟ್ಟಿ, ಬಿಸಿನೀರಿನ ಲೋಟದಲ್ಲಿ ಇಳಿಬಿಡಿ. ನೀರು ಆರುತ್ತಾ ಬಂದಂತೆ ಐದೈದು ಡಿಗ್ರಿಗೆ ಒಮ್ಮೆ ರೋಧವನ್ನು ಅಳೆದು ನಕ್ಷೆ ಬರೆಯಿರಿ. ಒಂದು 12 ವೋಲ್ಟಿನ ರಿಲೇಯನ್ನು ಬಿಚ್ಚಿ ಅದರ ಸುರುಳಿ, ನಾಲಗೆಗಳನ್ನು ನೋಡಿ. ಒಬ್ಬರು ಬಲ್ಬಿನ ಮಂಡಲದಲ್ಲಿ ಗುಟ್ಟಾಗಿ ಒಂದು ತಪ್ಪನ್ನು ಮಾಡಿಡಿ. ಇನ್ನೊಬ್ಬರು ಎಷ್ಟು ಕಡಿಮೆ ಪ್ರಶ್ನೆಗಳಲ್ಲಿ ಅದನ್ನು ಹಿಡಿಯುತ್ತೀರಿ, ಎಣಿಸಿ. ಇದು ಒಳ್ಳೆಯ ಆಟ, ಒಳ್ಳೆಯ ಪಾಠ.

ಮಿತ್ರರೇ, ಆ ಚಾಲಕರಿಗೆ ಸಲಹೆ ಕೊಟ್ಟ ಮೂವರೂ ಅನುಭವಿಗಳೇ. ಅವರು ಹೇಳಿದ ಮೂರು ಕಾರಣಗಳೂ ಸಾಧ್ಯವಿದ್ದ ಕಾರಣಗಳೇ. ಆದರೆ ಅವರು ಉತ್ತರದಿಂದ ಶುರುಮಾಡಿದರು. ಹುಡುಗ ಪ್ರಶ್ನೆಯಿಂದ ಶುರುಮಾಡಿದ. ಎಲ್ಲವೂ ಸರಿ ಎಂದು ಕಂಡಾಗಲೂ ಫ್ಯಾನು ತಿರುಗದಿದ್ದುದನ್ನು ಅವನು ಮರೆಯಲಿಲ್ಲ. ತನ್ನ ಅಳತೆಯನ್ನೇ ಸಂಶಯಿಸಿ ಇನ್ನೊಂದು ಅಳತೆಯನ್ನು ಹುಡುಕಿದ. ಮುಂದೆ ನೀವು ವೈದ್ಯರಾಗಿ, ಎಂಜಿನಿಯರಾಗಿ, ರೈತರಾಗಿ, ಗ್ಯಾರೇಜಿನವರಾಗಿ ಯಾವ ಕೆಲಸಕ್ಕೇ ಹೋದರೂ ಆ ಒಂದು ಅಭ್ಯಾಸ ನಿಮ್ಮ ಜೊತೆಗಿರಲಿ.

ಈ ಸಲ ಊರಿಗೆ ಹೋಗುವ ಮೊದಲು, ತಣ್ಣಗಿರುವ ಎಂಜಿನಿನ ನೀರಿನ ಮಟ್ಟವನ್ನು ಒಮ್ಮೆ ನೋಡಿ. ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಮನೆಯ ಹಿರಿಯರೊಡನೆ, ಫ್ಯಾನು ತಾನಾಗಿ ತಿರುಗುವವರೆಗೆ ಕಾದು ನೋಡಿ. ಅದು ತಿರುಗುವ ಸದ್ದು ಕಿವಿಗೆ ಬಿದ್ದ ಮೇಲೆ ಘಾಟಿಯನ್ನು ಹತ್ತಿ.

ನಿಮ್ಮ ಪ್ರಯಾಣ ಸುಖಕರವಾಗಿರಲಿ.